ಎಂಜಲ ನೆಲ

ಮೂವತ್ತೆರಡನೆಯ ಪ್ರಶ್ನೆಗೆ
ಯಾಂದೆ ಸಾರ್ ನನ್ನನ್ನು ತಡೆದಳು.
"ಕಾಂಡ್ಲಾ ಕಾಡಿನ ಮೇಲೆ ನಿಮ್ಮ ಅವಲಂಬನೆ?
ಹೆಚ್ಚು, ಮಧ್ಯಮ, ಕಡಿಮೆ."
ಓದಿದ್ದು ವೊಲೋಫಿನಲ್ಲಿ, ಅವಳಿಗೂ ಬರುವ ಭಾಷೆಯಲ್ಲೇ.
ಆದರೂ ತಂಗಿಯ ಕಡೆ ತಿರುಗಿ
"ಏನಂತೆ ಇವನದು?" ಎಂದಳು.

ಸಲೂಮ್ ಕವಲುಗಳಲ್ಲಿ ಇಳಿತ.
ಕೊಟ್ಟ ಕೈಗಡವನ್ನು ಕಡಲು ವಾಪಸು ಕೇಳುವ ಹೊತ್ತು.
ಹೆಂಗಸರು ಹಳೇ ಫುಟ್‌ಬಾಲ್ ಕಾಲುಚೀಲ ಏರಿಸಿ
(ಒಂದು ಕೆಂಪು, ಒಂದು ಪಟ್ಟೆಪಟ್ಟೆ)
ಕೆಸರಿಗಿಳಿದರು. ಸಿಂಪಿಯ ಅಂಚೆಂದರೆ ಕ್ಷೌರದ ಕತ್ತಿ.
ನಾನು ಫೆರ್ಲೋ ಕಡೆಯ ದನಗಾಹಿಗಳ ಮಗ,
ಈಜು ಬಾರದು,
ದೋಣಿಯ ಅಂಚು ಹಿಡಿದೇ ಬರೆದುಕೊಂಡೆ:

"ಮೊದಲು ಬೇರನ್ನೇ ಕಡಿದು ತರುತ್ತಿದ್ದೆವು, ಗೊಂಚಲು ಸಮೇತ.
ಒಲೆಗೂ ಆಯಿತು, ಬಾಯಿಗೂ ಆಯಿತು.
ಆಮೇಲೊಂದು ವರ್ಷ ಬುಟ್ಟಿಯ ತಳ ಕಾಣಿಸಿತು.
ಈಗ ಒಂದೊಂದೇ ಬಿಡಿಸುತ್ತೇವೆ,
ಮಗುವಿನ ತಲೆಯಿಂದ ಹೇನು ತೆಗೆದ ಹಾಗೆ.
ಮಳೆ ಬಿದ್ದರೆ ಈ ಕವಲಿಗೆ ಬೀಗ. ಯಾರೂ ಬರುವಂತಿಲ್ಲ,
ನನ್ನ ಸೊಸೆ ಕೂಡ.
ಸೊಸೆ ಬಂದಿದ್ದಳು. ಅದು ಬೇರೆ ಕಥೆ. ಬರೀಬೇಡ."

ಮಧ್ಯಾಹ್ನ ದಿಬ್ಬದ ಮೇಲೆ ಬುಟ್ಟಿ ಸುರಿದರು.
ದಿಬ್ಬ ಕಲ್ಲಿನದಲ್ಲ, ಮರಳಿನದಲ್ಲ,
ಬರೀ ಬಳಚಿನ ಚಿಪ್ಪು,
ಆಳೆತ್ತರ, ಅದರ ಮೇಲೆ ಇನ್ನೂ ಎರಡು ಆಳೆತ್ತರ.
ಎಷ್ಟು ತಲೆಮಾರಿನ ಹೆಂಗಸರು ಸುಲಿಯುತ್ತ ಕೂತು
ಬೆನ್ನ ಹಿಂದಕ್ಕೆ ಎಸೆದದ್ದೋ!
ಬಾವೊಬಾಬ್ ಅದರಲ್ಲಿ ಬೇರು ಬಿಟ್ಟು
ಸುಣ್ಣ ತಿಂದು ಕೊಬ್ಬಿದೆ.
ಸತ್ತವರು ಒಳಗೆ ಮಲಗಿದ್ದಾರೆ,
ಉಪ್ಪುನೀರು ಅಷ್ಟೆತ್ತರ ಏರುವುದಿಲ್ಲ.

"ಉಂಡವರ ಎಂಜಲು," ಎಂದಳು ಯಾಂದೆ, ಕೈ ಒರೆಸದೆ,
"ಎಂಜಲೇ ನೆಲವಾಯಿತು.
ಅದರ ಮೇಲೆ ನಿಂತು ಕೇಳುತ್ತೀ ನೀನು,
ಹೆಚ್ಚೋ ಕಡಿಮೆಯೋ."

ನಾನು ತೂಗಿದೆ. ತಿರುಳು: ನಾಲ್ಕು ಕಿಲೋ ಮುನ್ನೂರು ಗ್ರಾಂ.
ಚಿಪ್ಪಿಗೆ ನಮೂನೆಯಲ್ಲಿ ಸಾಲೇ ಇರಲಿಲ್ಲ.

ಮರಳುವಾಗ ಬರಿಗಾಲಲ್ಲಿ ಇಳಿದು ಹಿಮ್ಮಡಿ ಸೀಳಿಕೊಂಡೆ.
ಕೆಸರಿನಲ್ಲಿ ರಕ್ತದ ಸಣ್ಣ ಎಳೆ.
ಒಂದೇ ದೊಡ್ಡ ಕೊಂಡಿಯ ಏಡಿಯೊಂದು
ಬಿಲದಿಂದ ಹೊರಬಂದು ನೋಡಿತು,
ಹತ್ತಿರ ಬಂತು.
"ಅದನ್ನೂ ಕೇಳು," ಹೆಂಗಸರು ಬಿದ್ದು ಬಿದ್ದು ನಕ್ಕರು,
"ನಿನ್ನ ಮೇಲೆ ಅದರ ಅವಲಂಬನೆ ಎಷ್ಟು ಅಂತ!"
ತಂಗಿ ತನ್ನ ಕೆಂಪು ಕಾಲುಚೀಲ ಬಿಚ್ಚಿ
ನನ್ನ ಮುಖಕ್ಕೆ ಎಸೆದಳು, ಒದ್ದೆಯದು.

ಮೂವತ್ತೆರಡನೆಯ ಉತ್ತರ ನಾನು ತುಂಬಲಿಲ್ಲ.
ಹಾಳೆಯ ಮೇಲೆ ಯಾರದೋ ಹೆಬ್ಬೆರಳಿನ ಕೆಸರು ಮೆತ್ತಿತ್ತು,
ಹೆಚ್ಚಿಗಿಂತ ಚೂರು ಈಚೆಗೆ.
ದಾಕಾರಿನಲ್ಲಿ ಕಂಪ್ಯೂಟರಿನ ಹುಡುಗ
ಅದನ್ನು 'ಮಧ್ಯಮ' ಎಂದು ಓದಿಕೊಂಡ.