ಮುದ್ದೆಮಾಲು ನಂಬರ್ ಮೂರು

ಠಾಣೆಯ ಹಿಂದೆ, ಕೆಟ್ಟ ಜೀಪಿನ ಬಂಪರಿಗೆ ಕಾಲು ಕಟ್ಟಿ
ನಿಲ್ಲಿಸಿದ್ದೇವೆ. ಪಂಚನಾಮೆ ನನ್ನದೇ ಅಕ್ಷರ:
'ಕೆಂಪು ಹುಂಜ ಒಂದು, ಜೀವಂತ,
ಅಂದಾಜು ಬೆಲೆ ಎಂಟುನೂರು.'
ಒಂದು, ನಗದು. ಎರಡು, ಕಾಲಿಗೆ ಕಟ್ಟಿದ್ದ ಬಾಳು.
ನಾಲ್ಕೂ ಇರಬೇಕಿತ್ತು, ಸೋತ ಹುಂಜ;
ದಾಳಿಗೆ ಮೊದಲೇ ಸಾರಾಗಿತ್ತಂತೆ.

ಹೆಬ್ಬೆಟ್ಟಿನ ಮಸಿ ತಲೆಗೊರೆಸುತ್ತಾ ಬೂದ್ಯಪ್ಪ ಕೇಳಿದ:
'ಮೇಡಂ, ಪೇಟೆ ಕ್ಲಬ್ಬಲ್ಲಿ ರಾತ್ರಿಯೆಲ್ಲಾ ಇಸ್ಪೀಟು,
ಅದು ಹೆಂಗೆ?'
ಅದು ಕೌಶಲದ ಆಟ ಕಣಯ್ಯ, ಅಂದೆ.
ಲೈಸೆನ್ಸಿಗೆ ಗಾಜು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ,
ಸದಸ್ಯರಿಗೆ ಮಾತ್ರ.
ಅವನು ಹುಂಜದ ಕಡೆ ನೋಡಿ,
'ಇದಕ್ಕಿರೋ ಕೌಶಲ ಅಲ್ಲಿ ಯಾರಿಗೈತೆ?'
ಹೇಳಿಕೆಯಲ್ಲಿ ಅದನ್ನು ಬರೆಯಲಿಲ್ಲ.

ಲಾಟರಿ ಇಲ್ಲಿ ಬಂದ್, ಕೇರಳದಲ್ಲಿ ಸರ್ಕಾರವೇ ಮಾರುತ್ತದೆ.
ಮೊಬೈಲಿನ ಜೂಜಿಗೆ ದೆಹಲಿಯ ಕಾಯ್ದೆ.
ಕೋಳಿ ಅಂಕಕ್ಕೆ
ರಿಪ್ಪನ್‌ಪೇಟೆಯ ರೈಟರು, ನಾನು.

ಬೆಳಗಿನ ನಾಲ್ಕಕ್ಕೆ ಕೂಗುತ್ತದೆ,
ಲಾಕಪ್ಪಿನವರೂ ನಾವೂ ಒಟ್ಟಿಗೇ ಏಳುತ್ತೇವೆ.
ಮೇವಿಗೆಂದು ಇಲಾಖೆಯಲ್ಲಿ ಯಾವ ಬಾಬತ್ತೂ ಇಲ್ಲ.
ನನ್ನ ಬುತ್ತಿಯ ಅನ್ನ ತಿನ್ನುತ್ತದೆ, ಉಪ್ಪಿನಕಾಯಿ ಸೋಕಿದ್ದನ್ನು ಬಿಟ್ಟು.

ಶುಕ್ರವಾರ ಹೊಸನಗರದ ಕೋರ್ಟಿನ ಅಂಗಳದಲ್ಲಿ ಹರಾಜು.
ಶಿರಸ್ತೇದಾರರು ಕೂಗಿದರು: ಎಂಟುನೂರು, ಒಂದು ಸಾರಿ...
ಜಾಮೀನಿನ ಮೇಲೆ ಹೊರಬಂದ ಬೂದ್ಯಪ್ಪನೇ
ಮೊದಲು ಕೈ ಎತ್ತಿದ.
ಆಮೇಲೆ ಕ್ಲಬ್ಬಿನ ಕಾರ್ಯದರ್ಶಿ, ಬಿಳಿ ಷರಟು.
ಸಾವಿರ. ಸಾವಿರದಿನ್ನೂರು.
ಪಕ್ಕದಲ್ಲಿ ನಮ್ಮ ದಫೇದಾರರು ಪಿಸುಗುಟ್ಟಿದರು:
'ಮೂರು ಸಾವಿರ ದಾಟುತ್ತೆ. ಏನು ಕಟ್ತೀಯ?'
ಮಸಾಲೆದೋಸೆ, ಅಂದೆ.

ಮೂರು ಸಾವಿರದ ನೂರು.
ಮೊಹರು ಹಾಕಿ ರಸೀದಿ ಕೊಟ್ಟರು.
ದೋಸೆ ಇನ್ನೂ ಬಾಕಿ ಇದೆ.