ಹೆಬ್ಬೆರಳು

ಲಿಯಾಂಡರ್ ದಕ್ಕೆಯ ಮೇಲೆ ಎಲ್ಲರೆದುರೇ ಅಂದ:
"ಭಾನುವಾರ ಪ್ರಾರ್ಥನೆ,
ಸೋಮವಾರ ತಕ್ಕಡಿ ತಟ್ಟೆಯಡಿ ಹೆಬ್ಬೆರಳು!"

ನಿಜ.
ನ್ಯೂಫೌಂಡ್‌ಲೆಂಡಿನ ಈ ಕೊಲ್ಲಿಯಲ್ಲಿ
ಇಪ್ಪತ್ತು ವರ್ಷ ಕಾಡ್ ಮೀನು ತೂಗಿದವನು ನಾನು,
ಬುಟ್ಟಿಗೆ ಅರ್ಧ ಪೌಂಡು ನುಂಗಿದವನು.

ಮತ್ತೆ ಚರ್ಚಿಗೇಕೆ ಹೋಗ್ತೀಯ, ಅಂದ.

ಒದ್ದೆ ಉಣ್ಣೆ ನಾರುವ ಆ ಬೆಂಚಿನಲ್ಲಿ
ಪಕ್ಕಕ್ಕೆ ಸಾಲ ಮರೆತ ಪೆಲ್ಲಿ,
ಹಿಂದೆ, ತಂಗಿಯೊಡನೆ ಮಾತು ಬಿಟ್ಟ ಡಾರ್ಕಸ್.
ನಮ್ಮ ಬಂಡವಾಳ ನಮಗೆ ಗೊತ್ತು.
ಆದರೆ ಆ ಒಂದು ತಾಸು
ಕೈ ಜೋಡಿಸಿರುತ್ತೇನಲ್ಲ, ಲಿಯಾಂಡರ್,
ಎರಡೂ ಹೆಬ್ಬೆರಳು
ನನ್ನ ಕಣ್ಣೆದುರೇ ಇರುತ್ತವೆ.

ಇವತ್ತು ಅವನ ಬುಟ್ಟಿ ತಟ್ಟೆಗಿಟ್ಟು
ಕೈ ಬೆನ್ನ ಹಿಂದೆ ಕಟ್ಟಿ ನಿಂತೆ.
ಅವನು ಬಗ್ಗಿ ತಟ್ಟೆಯಡಿ ನೋಡಿದ.
ನೋಡಲಿ.
ನಾಳೆಯೂ ನೋಡಲಿ.