ಕಲ್ಲುಮಡಕಿ

ಮಡಕಿಯೊಳಗ ಮಡಕಿ ಹಾಕಿ
ಮುಳುಗುವಷ್ಟು ನೀರು ಸುರುವಿ ಮಲಗಿದ್ದೆ.
ಹೊಲ ಅಂದರ ಕಾಲುವಿ ನೀರು ಅಂದುಕೊಂಡ ಹುಡುಗಿ,
ರಾಯಬಾಗದ ಕಬ್ಬು ಬಿಟ್ಟು
ತಿಕೋಟಾದ ಆಚಿ ಈ ಮಡ್ಡಿಗೆ ಬಂದು ಒಂಬತ್ತು ದಿನ.
ತವರನ್ನೂ ನೆನಸತಿದ್ದೆ, ಕಾಳನ್ನೂ ನೆನಸತಿದ್ದೆ;
ಎರಡಕ್ಕೂ ಒಂದೇ ಮಾತು ನಮ್ಮಲ್ಲಿ.

ಮುಂಜಾನೆ ಬಸಿದು, ಹಳೇ ಧೋತರದ ತುಂಡಿನಾಗ ಕಟ್ಟಿ
ಗೂಟಕ್ಕ ತೂಗಹಾಕಿ, ಮರುದಿನ ಬಿಚ್ಚಿದರ
ಅರಿವಿಯ ನೂಲು ತೂರಿ ಹೊರಗ ಬಂದಾವ
ಬಿಳಿ ಬಾಲದ ಮಳಕಿ.
ಅವುಗಳ ನಡುವ ಕೆಲವು
ಹಾಕಿದಾಗ ಹ್ಯಾಂಗಿದ್ದವೋ ಹಾಂಗ:
ಕಂದು, ಸಣ್ಣ, ಗಟ್ಟಿ,
ಎರಡು ದಿನದ ನೀರಿಗೂ ತಮಗೂ ಸಂಬಂಧಿಲ್ಲ ಅನ್ನೂವಂಗ.
ಹಲ್ಲಿಗೆ ಸಿಕ್ಕಾವು ಅಂತ ಆರಿಸಿ ತಿಪ್ಪಿಗೆ ಒಗದೆ.

ಅತ್ತಿ ಬೌರವ್ವ ಬೈಲಿಲ್ಲ.
ಸೆರಗು ಟೊಂಕಕ್ಕ ಸಿಗಿಸಿ, ತಿಪ್ಪಿ ಮುಂದ ಕುಂತು,
ಕೋಳಿಗಳ ಕೂಡ ಪೈಪೋಟಿ ಮಾಡಿ
ಹದಿನೇಳು ಕಾಳು ಹೆಕ್ಕಿದಳು.
ತೊಳದು, ಕಂಬಳಿ ಮ್ಯಾಲ ಒಣಗಿಸಿ,
ಒಲಿ ಬೂದಿ ಸವರಿ
ಮಾಡದಾಗಿನ ಕುಡಿಕಿಗೆ ಹಾಕಿದಳು.
ಟಣ್. ಟಣ್. ಒಂದೊಂದೇ.

ಬಿತ್ತೂ ದಿನ ಆ ಕುಡಿಕಿ ಹೊಲಕ್ಕ ಬಂತು.
ಸಜ್ಜಿ ಸಾಲಿನ ನಡುವ ಅಕ್ಕಡಿ ಮಡಕಿ;
ಸೇರು ಬೀಜಕ್ಕ ಒಂದು ಹಿಡಿ ಕಲ್ಲುಮಡಕಿ ಬೆರಸಿ
ಉಡಿಯೊಳಗ ಕಟ್ಟಿಕೊಂಡಳು.
"ಯಾಕತ್ತಿ?" ಅಂದೆ.
"ಎಲ್ಲಾರೂ ಒಮ್ಮೆಗೇ ಉಣ್ಣಾಕ ಕುಂತರ
ಬಡಸಾವ್ರು ಯಾರವ್ವಾ?"
ಅಷ್ಟಂದು, ಕೂರಿಗಿ ಹಿಂದ ಸೆಡ್ಡಿ ಹಿಡದು ಹ್ವಾದಳು.

"ಎರಡು ಹಿಡಿ ಹಾಕಿದರ?"
ಅದಕ್ಕ ಉತ್ತರ ಬಂದದ್ದು ಸಂಜಿಗೆ, ಉಸಳಿ ತಿರುವಿಕೋತ:
"ಕಲ್ಲು ಹೆಚ್ಚಾದರ ಒಲಿ ಸಿಟ್ಟಾಗತೈತಿ."

ಆ ವರ್ಷ ಮಿರಗ ಒಂದು ಹದ ಕೊಟ್ಟು
ಇಪ್ಪತ್ತೆರಡು ದಿನ ತಿರುಗಿ ನೋಡಲಿಲ್ಲ.
ಎರಡೆಲಿ ಬಿಟ್ಟ ಸಸಿ
ಬಿಸಲಿಗೆ ಬೀಡಿ ಎಲಿಯಂಗ ಮುರುಟಿದವು.
ಪುನರ್ವಸು ಹನಿದ ನಾಕನೇ ದಿನ
ಅತ್ತಿ ನನ್ನ ಮಡ್ಡಿಗೆ ಕರಕೊಂಡು ಹ್ವಾದಳು.
ಮೂರು ಹೆಜ್ಜಿಗೊಂದು, ಆರು ಹೆಜ್ಜಿಗೊಂದು,
ಮಣ್ಣು ಬಿರಿಸಿ
ಬಗ್ಗಿದ ಕುತ್ತಿಗಿ ಎತ್ತೂ ಹಸರು.
ನಾ ಬಾಯಿ ತೆರದು ನಿಂತೆ.
"ಕಾಲು ನೋಡಿ ಇಡು" ಅಂದಳು.
ರಾಶಿ ಆಗಲಿಲ್ಲ. ಬೀಜಕ್ಕಾತು.
ಕುರಿಗೆ ಒಂದು ಹೊರಿ ಹೊಟ್ಟು.

ಕಾಯಿ ಒಣಗಿದ ಬಳ್ಳಿ ಕೀಳೂದು ಇಬ್ಬನಿ ಆರೂದರೊಳಗ;
ಬಿಸಲೇರಿದರ ಮುಟ್ಟಿದ್ದಕ್ಕ ಸಿಡದು ಇರುವಿ ಪಾಲು.
ಇದನ್ನೂ ಬಾಯಿಲೆ ಹೇಳಲಿಲ್ಲ ಆಕಿ;
ನಸಕಿನಾಗ ನನ್ನ ಕೌದಿ ಎಳದಳು.

ಕಡ ಒಯ್ದ ಬೀಜಾನ ಮೋದಿನಬಿ
ಸವಾಯಿ ಹಾಕಿ ತಿರುಗಿ ತಂದಳು,
ಪ್ಯಾಟಿ ಜರಡಿ ಹಿಡದು, ಒಂದೇ ಅಳತಿ, ಒಂದೇ ಬಣ್ಣ.
ಅತ್ತಿ ಅಂಗೈಯಾಗ ಹೊಳ್ಳಿಸಿ ನಕ್ಕಳು:
"ಬಾಳ ಶಾಣ್ಯಾ ಆಗ್ಯಾವಲ್ಲ ಮೋದಿನಾ,
ನನ್ನ ದಡ್ಡರೆಲ್ಲಿ?"
ಮರುದಿನ
ಕಾಗದದ ಪೊಟ್ಟಣದಾಗ ದಡ್ಡರು ಬಂದರು.

ಈಗ ಬೌರವ್ವಗ ಕಣ್ಣು ಮಸುಕು.
ನೆನದ ಕಾಳಿನ ಬುಟ್ಟಿಯಾಗ ಕೈ ಇಟ್ಟು
ಯಾರದೋ ಮದುವಿ ಸುದ್ದಿ ಹೇಳಿಕೋತ ಕುಂತಿರತಾಳ,
ಬೆರಳು ತಾವಾಗೇ ಹುಡುಕಿ
ಕಲ್ಲು ಕಲ್ಲು ಬ್ಯಾರಿ ಇಡತಾವ.
ಕಣ್ಣಿದ್ದ ನಾನು ಆರಿಸಿದ ದಿನ
ಒಂದಾದರೂ ಉಸಳಿಯಾಗ ಉಳೀತದ.

ನಿನ್ನೆ ರಾತ್ರಿನೂ ಕಟಕ್ ಅಂತು.
ಅಮಸಿದ್ಧ ರೊಟ್ಟಿ ಬಿಟ್ಟು ದವಡಿ ಹಿಡಕೊಂಡ.
ನಾನು ತಲಿ ತಗ್ಗಿಸಿದೆ.
ಮೂಲ್ಯಾಗಿಂದ ಅತ್ತಿ:
"ಹಲ್ಲು ಹೋದರ ಹೋಗಲಿ ಬಿಡೋ,
ಬೀಜ ಒಂದು ಬೆಂದು ಹೋತಲ್ಲ."